23 ವರ್ಷ ತಡವಾಗಿ ಬಂದ ಪದಕ

ಮಾನ್ಯರೇ,

ಸೆಪ್ಟೆಂಬರ್ 7 ಬಂದರೆ ನನಗೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ನೆನಪಾಗುತ್ತಾರೆ. 1965ರಲ್ಲಿ ಅದೇ ದಿನ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಬದಲಿ ಪೈಲಟ್. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಿತ್ತು. ಹೋದರು. ಅವರದು ಹಳೇ ಮಿಸ್ಟೇರ್ ಯುದ್ಧವಿಮಾನ, ಅವರನ್ನು ಬೆನ್ನಟ್ಟಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ! ಪೆಟ್ಟು ತಿಂದ ವಿಮಾನದಲ್ಲೇ ತಿರುಗಿಬಿದ್ದು ಅದನ್ನು ಹೊಡೆದುರುಳಿಸಿದರು. ವಾಪಸ್ ಬರಲಿಲ್ಲ. ಆಗ ಅವರಿಗೆ 32 ವರ್ಷ.

ಅಲ್ಲಿ ನಡೆದದ್ದು ಇಲ್ಲಿ ಗೊತ್ತಾಗಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಇಂಥವರ ಕಥೆ ಕೊಡಗಿನ ಆಚೆಯ ಮಕ್ಕಳಿಗೂ ಗೊತ್ತಿರಬೇಕು ಅಲ್ವಾ? ಪಠ್ಯದಲ್ಲಿ ಎರಡು ಪುಟ ಕೊಟ್ಟರೂ ಸಾಕು.

– ಒಬ್ಬ ಓದುಗ, ಮೈಸೂರು