ಮೂರಕ್ಷರದ ‘ಸೆಟ್’: ಯುವ ಅನುವಾದಕಿಗೆ ಒಂದು ಪತ್ರ

ಬಲ್ಮಠ, ಮಂಗಳೂರು

ಪ್ರೀತಿಯ ತಂಗಿ,

ನಿನ್ನ ಅನುವಾದ ತಲುಪಿತು. ಐರ್ಲೆಂಡಿನ ಕಡಲತಡಿಯ ಕಥೆಯನ್ನು ಮಲ್ಪೆಯ ಹುಡುಗಿ ಆರಿಸಿಕೊಂಡದ್ದೇ ನನಗೆ ದೊಡ್ಡ ಖುಷಿ. ಕರಡನ್ನು ಇಂಗ್ಲಿಷ್ ಮೂಲದ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಕೊನೆಯಲ್ಲಿ ನೀನು ಕೇಳಿದ್ದೀಯ: ‘ಸೆಟ್’ ಎಂಬ ಪದ ಕಥೆಯ ಉದ್ದಕ್ಕೂ ಬರುತ್ತದೆ, ಪ್ರತಿಸಲವೂ ಅರ್ಥ ಬೇರೆ, ಎಲ್ಲ ಕಡೆಗೂ ಒಪ್ಪುವ ಕನ್ನಡ ಪದ ಯಾವುದು ಅಂತ. ಅಂಥ ಪದ ಇಲ್ಲ. ಹುಡುಕುವುದೂ ಬೇಡ. ಕರಡಿನಲ್ಲಿ ನನಗೆ ಎಡವಿದಂತಾದ ಜಾಗಗಳೆಲ್ಲ ಆ ಒಂದು ಪದದ ಹುಡುಕಾಟದಿಂದಲೇ ಬಂದವು. ‘ಹೊಂದಿಸು’ ಎಂಬುದನ್ನು ಹಿಡಿದುಕೊಂಡು ಬಲೆಗೂ ಅದೇ, ದವಡೆಗೂ ಅದೇ, ಕಥೆ ನಡೆಯುವ ಊರಿಗೂ ಅದೇ ಹಾಕಿದ್ದೀಯ.

ಮೊದಲು ಹೆದರಿಕೆ ಬಿಡು. ಈ ಪದದ ಮುಂದೆ ತಡವರಿಸಿದವಳು ನೀನೊಬ್ಬಳೇ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿ 20 ಸಂಪುಟಗಳದ್ದು. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದು: 430 ಅರ್ಥಗಳು, ಸುಮಾರು 60,000 ಪದಗಳ ವಿವರಣೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ಈ ಸಂಖ್ಯೆಗಳನ್ನು ನೋಡಿ ಬೆರಗಾಗುವವರೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಆ ನಿಘಂಟು ಬೆಳೆದ ರೀತಿ. 1884ರಲ್ಲಿ ಮೊದಲ ಕಂತು ಹೊರಬಂದು 1928ರಲ್ಲಿ ಮೊದಲ ಆವೃತ್ತಿ ಮುಗಿಯುವವರೆಗೂ ಸಾವಿರಾರು ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಸಂಪಾದಕರಿಗೆ ಕಳಿಸುತ್ತಿದ್ದರು. ಅರ್ಥಗಳನ್ನು ವಿಂಗಡಿಸಿದ್ದು ಆ ವಾಕ್ಯಗಳನ್ನು ಹರಡಿಕೊಂಡು. ಅಷ್ಟು ಪಳಗಿದವರೇ ವಾಕ್ಯ ಕೈಯಲ್ಲಿಲ್ಲದೆ ‘ಸೆಟ್’ ಅಂದರೆ ಇದು ಎಂದು ಹೇಳಲಿಲ್ಲ. ಇನ್ನೊಂದು ವಿಷಯ ಗೊತ್ತಿರಲಿ: ಆ ನಿಘಂಟು ಅರ್ಥಗಳನ್ನು ಕೊಡುವುದು ಹಳೆಯದರಿಂದ ಹೊಸದಕ್ಕೆ. ಮೊದಲು ಬರೆದದ್ದೇ ಮುಖ್ಯ ಅರ್ಥ ಎಂದು ಎತ್ತಿಕೊಂಡರೆ ಕೆಟ್ಟೆವು.

ಬೇರು ನೋಡಿದರೆ ಅರ್ಧ ದಾರಿ ಸಿಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದು ‘ಸೆಟ್ಟನ್’. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರುವಂತೆ ಮಾಡು, ಅಂದರೆ ನಮ್ಮ ‘ಕೂರಿಸು’. ನಾವು ಏನೇನನ್ನು ಕೂರಿಸುತ್ತೇವೆ ನೆನಪಿಸಿಕೊ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ, ಜಾರಿದ ಮೂಳೆಯನ್ನು ವೈದ್ಯರು ಕೂರಿಸುತ್ತಾರೆ, ಬಡಗಿ ಬಾಗಿಲಿಗೆ ದಾರಂದ ಕೂರಿಸುತ್ತಾನೆ. ಇಲ್ಲೆಲ್ಲ ‘ಸೆಟ್’ ಮತ್ತು ‘ಕೂರಿಸು’ ಜೊತೆಜೊತೆಗೇ ನಡೆಯುತ್ತವೆ. ಚೌತಿಗೆ ಗಣಪತಿಯನ್ನು, ನವರಾತ್ರಿಗೆ ಶಾರದೆಯನ್ನು ನಾವು ಕೂರಿಸುವಾಗ ಇಂಗ್ಲಿಷಿನ ‘ಸೆಟ್’ ಹಿಂದೆ ಉಳಿಯುತ್ತದೆ. ಅವರ ‘ಸೆಟ್’ ಊಟದ ಮೇಜಿಗೆ ಹೋದರೆ ನಾವು ಬಟ್ಟಲು ಇಡುತ್ತೇವೆ, ಎಲೆ ಹಾಕುತ್ತೇವೆ. ಹಾಲಿಗೆ ಹೆಪ್ಪು ಹಾಕುತ್ತೇವೆ. ಮದುವೆಗೆ ದಿನ ಗೊತ್ತು ಮಾಡುತ್ತೇವೆ. ಗುಡ್ಡೆಗೆ ಬೆಂಕಿ ಕೊಡುತ್ತೇವೆ. ಹಾಡಿಗೆ ರಾಗ ಹಾಕುತ್ತೇವೆ. ಇವೆಲ್ಲ ನಿನ್ನ ಮನೆಯಲ್ಲಿ ದಿನವೂ ಕೇಳುವ ಮಾತುಗಳು.

ನಾಮಪದದ ‘ಸೆಟ್’ ಬೇರೆಯೇ ಮನೆತನದ್ದು. ಲ್ಯಾಟಿನ್ನಿನ ‘ಸೆಕ್ಟಾ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಅದರ ಹಿಂದೆ ಇರುವುದು ‘ಹಿಂಬಾಲಿಸು’ ಎಂಬ ಅರ್ಥದ ಧಾತು, ಒಬ್ಬನ ಹಿಂದೆ ಹೋಗುವವರ ಗುಂಪು. ಎರಡು ಬೇರೆ ಪದಗಳು ಕಾಲಾಂತರದಲ್ಲಿ ಒಂದೇ ರೂಪಕ್ಕೆ ಬಂದು ಬೆರೆತವು. ಹೋಟೆಲಿನ ಸೆಟ್ ದೋಸೆ, ತೋಟದ ಪಂಪ್‌ಸೆಟ್, ಗಣಿತದ ಪಾಠದಲ್ಲಿ ನಾವು ‘ಗಣ’ ಎಂದು ಓದಿದ್ದು, ಎಲ್ಲ ಈ ಕಡೆಯವು. ಆದ್ದರಿಂದ ಈ ಪದ ಕಂಡ ಕೂಡಲೇ ಇದು ನಾಮಪದವೋ ಕ್ರಿಯಾಪದವೋ ಎಂದು ನೋಡು. ನಿನ್ನ ಕರಡಿನ ಎರಡನೇ ಪುಟದಲ್ಲಿ ಚಹಾದ ಪಾತ್ರೆಗಳ ಸೆಟ್ಟು ‘ಹೊಂದಾಣಿಕೆ’ ಆಗಿ ಕೂತಿದೆ. ಅದನ್ನು ಸೆಟ್ ಎಂದೇ ಬಿಡು, ಎಲ್ಲರಿಗೂ ಅರ್ಥವಾಗುತ್ತದೆ.

ಈಗ ಬಲೆಗೆ ಬರುತ್ತೇನೆ. ನಿನ್ನ ಕರಡಿನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಅದೇ. ‘ಮುದುಕನು ಬಲೆಗಳನ್ನು ಹೊಂದಿಸಿದನು’ ಎಂದು ಬರೆದಿದ್ದೀಯ. ಮಲ್ಪೆಯವಳು ನೀನು, ಕಡಲಿಗೆ ಹೋಗುವವರ ನಡುವೆ ಬೆಳೆದವಳು. ಬಲೆ ಯಾವುದು ಎಂದು ಕೇಳದೆ ಅದಕ್ಕೆ ಕ್ರಿಯಾಪದ ಹಾಕಲು ಆಗುವುದಿಲ್ಲ ಎಂಬುದು ನಿನಗೆ ಗೊತ್ತಿರುವ ವಿಷಯ. ಬೀಸುಬಲೆಯನ್ನು ಬೀಸುತ್ತಾರೆ. ಒಬ್ಬನೇ ಮೊಣಕಾಲು ನೀರಿನಲ್ಲಿ ನಿಂತು ಮೈ ತಿರುಗಿಸಿ ಎಸೆಯುತ್ತಾನೆ, ಬಲೆ ಗಾಳಿಯಲ್ಲಿ ಉರುಟಾಗಿ ಬಿಚ್ಚಿಕೊಳ್ಳುತ್ತದೆ, ಅಂಚಿನ ಗುಂಡುಗಳ ಭಾರಕ್ಕೆ ಸುತ್ತಲೂ ಒಟ್ಟಿಗೇ ಮುಳುಗುತ್ತದೆ. ಕೈರಂಪಣಿಯಾದರೆ ದೋಣಿಯಲ್ಲಿ ಕೊಂಡುಹೋಗಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ, ಆಮೇಲೆ ದಡದಲ್ಲಿ ಎರಡೂ ಬದಿಗೆ ಸಾಲಾಗಿ ನಿಂತು ಹಗ್ಗ ಎಳೆಯುತ್ತಾರೆ. ಕಂತಬಲೆಯನ್ನು ಮೀನು ಬರುವ ದಾರಿಗೆ ಅಡ್ಡಲಾಗಿ ನೀರಿನಲ್ಲಿ ಬಿಟ್ಟು ಕಾಯುತ್ತಾರೆ, ಕಣ್ಣಿಯೊಳಗೆ ತಲೆ ತೂರಿಸಿದ ಮೀನಿನ ಕಿವಿರು ಸಿಕ್ಕಿಕೊಳ್ಳುತ್ತದೆ. ಕಥೆಯ ಮುದುಕ ಸಂಜೆ ಹೋಗಿ ಬರುತ್ತಾನೆ, ಬೆಳಗಿನ ಜಾವ ಬಲೆ ಎತ್ತಲು ಮತ್ತೆ ಹೋಗುತ್ತಾನೆ. ಹಾಗಾದರೆ ಅವನದು ಬಿಟ್ಟು ಕಾಯುವ ಬಲೆ. ‘ಸಂಜೆಗೆ ಬಲೆ ಬಿಟ್ಟು ಬಂದ.’ ಇಷ್ಟೇ ಸಾಕು. ಆ ರಾತ್ರಿಯಿಡೀ ಅವನು ಕಾಯುವುದು ಆ ‘ಬಿಟ್ಟು ಬಂದ’ದ್ದರಲ್ಲೇ ಬಂದುಬಿಟ್ಟಿತು.

ಹೊಸ ಧಕ್ಕೆಯ, ಅಂದರೆ ದೋಣಿ ನಿಲ್ಲುವ ಕಟ್ಟೆಯ, ಕಾಂಕ್ರೀಟಿನ ಸಾಲಿನಲ್ಲೂ ಇದೇ ತೊಂದರೆ. ಅದು ಇನ್ನೂ ‘ಸೆಟ್’ ಆಗಿರಲಿಲ್ಲ ಎಂಬುದನ್ನು ನೀನು ‘ಒಣಗಿರಲಿಲ್ಲ’ ಎಂದೆ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ. ನೀರಿನ ಜೊತೆ ರಾಸಾಯನಿಕವಾಗಿ ಕೂಡಿಕೊಂಡು ಬಿಗಿಯುತ್ತದೆ, ನೀರಿನೊಳಗೂ ಬಿಗಿಯುತ್ತದೆ. ಅದಕ್ಕೇ ಸ್ಲ್ಯಾಬ್ ಹಾಕಿದ ಮೇಲೆ ಮೇಸ್ತ್ರಿ ಒಣಗಲು ಬಿಡದೆ ದಿನಗಟ್ಟಲೆ ನೀರು ಕಟ್ಟಿಸುತ್ತಾರೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಿಗಿಯಲು ಶುರುವಾಗುವುದಕ್ಕೆ ಕನಿಷ್ಠ 30 ನಿಮಿಷ, ಪೂರ್ತಿ ಬಿಗಿಯುವುದಕ್ಕೆ ಹೆಚ್ಚೆಂದರೆ 10 ಗಂಟೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಬಲ ಬರುವುದು ಆಮೇಲಿನ ದಿನಗಳಲ್ಲಿ, ಅದನ್ನು ಅಳೆಯುವ ವಾಡಿಕೆ 28ನೇ ದಿನಕ್ಕೆ. ಕಥೆಯಲ್ಲಿ ಹುಡುಗ ಆ ಹಸಿ ಕಾಂಕ್ರೀಟಿನ ಮೇಲೆ ತನ್ನ ಹೆಸರು ಬರೆಯುತ್ತಾನೆ, ಅಂದರೆ ಅವನಿಗೆ ಸಿಕ್ಕಿದ್ದು ಕೆಲವೇ ಗಂಟೆ. ‘ಕಾಂಕ್ರೀಟು ಇನ್ನೂ ಬಿಗಿದಿರಲಿಲ್ಲ’ ಎಂದು ಬರೆ. ಮೇಸ್ತ್ರಿಯೇ ಮಾತಾಡುವ ಕಡೆ ‘ಸೆಟ್ ಆಗ್ಲಿಲ್ಲ’ ಎಂದೇ ಇರಲಿ, ಅವರು ಹೇಳುವುದು ಹಾಗೆಯೇ.

ಹುಡುಗಿಯ ದವಡೆ ‘ಸೆಟ್’ ಆದ ಸಾಲಿಗೆ ಕನ್ನಡ ಒಂದೇ ಪದ ತೆಗೆದಿಟ್ಟಿದೆ: ಅವುಡುಗಚ್ಚಿದಳು. ಸಿಟ್ಟು, ಹಟ, ತಡೆದ ಅಳು ಎಲ್ಲವೂ ಅದರಲ್ಲೇ ಇವೆ.

ಸೂರ್ಯನ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನನಗೆ ಬಹಳ ಪ್ರೀತಿಯ ವಿಷಯ ಅದು. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಆಸನಕ್ಕೆ ಹೋಗುವುದು’ ಎಂಬ ಅರ್ಥದ ಪದವಿತ್ತು. ಅವರ ಸೂರ್ಯ ಹೋಗಿ ಕೂರುತ್ತಾನೆ. ನಮ್ಮ ಹಳೆಯ ಮಾತಿನಲ್ಲಿ ಸೂರ್ಯ ಮೂಡುತ್ತಾನೆ, ಪಡುತ್ತಾನೆ. ಪಡುವುದೆಂದರೆ ಬೀಳುವುದು, ಮಲಗುವುದು. ಅದರಿಂದಲೇ ಪಡುವಣ, ಪಡುಗಡಲು. ನಮ್ಮ ಜಿಲ್ಲೆಗಳಲ್ಲಿ ಇದು ಊರುಗಳ ಹೆಸರಲ್ಲೇ ಇದೆ: ಮೂಡಬಿದ್ರೆ, ಪಡುಬಿದ್ರಿ. ನಿಮ್ಮ ಮಲ್ಪೆಯ ಹೊಳೆಯಾಚೆ ಪಡುಕೆರೆ. ದಿನವೂ ಬಸ್ಸಿನ ಬೋರ್ಡಿನಲ್ಲಿ ಓದುವ ಹೆಸರುಗಳ ಒಳಗೆ ಸೂರ್ಯ ಏಳುತ್ತಾನೆ, ಮಲಗುತ್ತಾನೆ.

ಈ ‘ಪಡು’ ನಮ್ಮ ‘ಸೆಟ್’. ಎರಡೇ ಅಕ್ಷರ, ಎಷ್ಟು ಕೆಲಸ ಮಾಡುತ್ತದೆ ನೋಡು. ಕಷ್ಟಪಡು, ಆಸೆಪಡು, ನಾಚಿಕೆಪಡು, ಏರ್ಪಡು, ಬೇರ್ಪಡು, ಒಳಪಡು. ನೀನು ‘ಕಥೆಯು ಗಾಲ್ವೇಯಲ್ಲಿ ಹೊಂದಿಸಲ್ಪಟ್ಟಿದೆ’ ಎಂದು ಬರೆದೆಯಲ್ಲ, ಆ ‘ಅಲ್ಪಟ್ಟಿದೆ’ಯಲ್ಲಿ ಇರುವುದೂ ಇದೇ ಪಡು. ವ್ಯಾಕರಣ ಅದನ್ನು ಒಪ್ಪುತ್ತದೆ. ಆದರೆ ಮನೆಯಲ್ಲಿ, ಬಂದರಿನಲ್ಲಿ, ಬಸ್ಸಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಕಥೆ ನಡೆಯುವುದು ಗಾಲ್ವೇಯಲ್ಲಿ’ ಎಂದರೆ ಮುಗಿಯಿತು. ಸೂರ್ಯನನ್ನು ಮಲಗಿಸಬಲ್ಲ ಪದವನ್ನು ಇಂಗ್ಲಿಷಿನ ಕರ್ಮಣಿಪ್ರಯೋಗಕ್ಕೆ ಊರುಗೋಲಾಗಿ ಕೊಡಬೇಡ. ಇದೊಂದನ್ನು ನಾನು ಕಟ್ಟುನಿಟ್ಟಾಗಿಯೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಕರಡಿನಲ್ಲಿ ‘ಅಲ್ಪಟ್ಟಿ’ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಿಂತು, ಆ ಕೆಲಸ ಮಾಡಿದವರು ಯಾರು ಎಂದು ಕೇಳು. ಹೆಚ್ಚಿನ ಕಡೆ ವಾಕ್ಯ ತಾನಾಗಿ ಸರಿಯಾಗುತ್ತದೆ.

ಕೊನೆಯ ಪುಟದ ‘ಸೂರ್ಯನು ಅಸ್ತಮಿಸಿದನು’ ತಪ್ಪಲ್ಲ. ಆದರೆ ಆ ಸಾಲು ಮುದುಕನ ಕಣ್ಣಿನಿಂದ ಬರುವಂಥದ್ದು, ಅವನು ಪಂಚಾಂಗ ನೋಡುವವನಲ್ಲ. ‘ಹೊತ್ತು ಕಂತಿತು’ ಎಂದರೆ ಹೇಗೆ? ಗಾಲ್ವೇಯ ಕಡಲೂ ನಮ್ಮ ಹಾಗೆ ಪಡುವಣಕ್ಕೇ ಇದೆ, ಅಲ್ಲೂ ಸೂರ್ಯ ನೀರಿಗೇ ಇಳಿಯುವುದು. ಆದ್ದರಿಂದ ‘ಮುಳುಗಿತು’ ಎಂದರೂ ನಡೆಯುತ್ತದೆ. ಎರಡರಲ್ಲಿ ಯಾವುದು ಎಂದು ನೀನೇ ನಿರ್ಧರಿಸು.

ನಿಘಂಟು ನೋಡುವುದನ್ನು ಬಿಡು ಎಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್–ಕನ್ನಡ ಕೋಶ ಮಾತ್ರ ನೋಡುವುದು ಸಾಲದು ಎಂಬುದು ನನ್ನ ಮಾತು. ಕನ್ನಡದಿಂದ ಹೊರಡುವ ಕೋಶಗಳನ್ನು ಓದು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇದೇ ಮಂಗಳೂರಿನಿಂದ, ಬಾಸೆಲ್ ಮಿಷನ್ನಿನಿಂದ ಹೊರಬಂತು. ಅದರಲ್ಲಿ ಪದಗಳ ಜೊತೆ ಗಾದೆಗಳೂ ಪ್ರಯೋಗಗಳೂ ಇವೆ. ಹಾಕು, ಇಡು, ಬಿಡು, ಕಟ್ಟು, ಹಿಡಿ, ಪಡು, ಇವುಗಳ ನಮೂದುಗಳನ್ನು ಬಿಡುವಾದಾಗ ಒಂದೊಂದಾಗಿ ಓದು. ಇಂಗ್ಲಿಷಿನ ಸಣ್ಣ ಪದಗಳ ಕೆಲಸವನ್ನು ಕನ್ನಡದಲ್ಲಿ ಹೆಚ್ಚಾಗಿ ಮಾಡುವುದು ಇವೇ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟಗಳ ತುಳು ನಿಘಂಟು ನಿನಗೆ ಹತ್ತಿರದಲ್ಲೇ ಇದೆ. ಕಡಲಿನ ಪದಗಳಿಗೆ ಅದನ್ನೂ ತೆರೆ. ನಮ್ಮ ಕರಾವಳಿಯ ಕನ್ನಡದ ಬೆನ್ನಿಗೆ ತುಳು ನಿಂತಿದೆ, ಅದನ್ನು ದೂರ ಇಟ್ಟು ಮೀನುಗಾರರ ಕಥೆ ಬರೆಯಲು ಹೋಗಬೇಡ.

ಸಂಭಾಷಣೆಯಲ್ಲಿ ‘ಸೆಟ್’ ಬಂದರೆ ಹೆದರಬೇಡ ಎಂದು ಮತ್ತೊಮ್ಮೆ ಹೇಳುತ್ತೇನೆ. ‘ಅವನಿಗೆ ದುಬೈಯಲ್ಲಿ ಕೆಲಸ ಸೆಟ್ ಆಯ್ತಂತೆ’, ‘ಅವರಿಬ್ಬರಿಗೆ ಸೆಟ್ ಆಗುದಿಲ್ಲ ಮಾರಾಯ್ರೆ’ ಎಂದು ನಮ್ಮವರು ಹೇಳುವಾಗ ಅದು ಕನ್ನಡವೇ. ಇಂಗ್ಲಿಷಿನವರು ಈ ಎರಡು ಅರ್ಥಗಳಲ್ಲಿ ಅದನ್ನು ಹೀಗೆ ಬಳಸುವುದಿಲ್ಲ, ಇವು ನಾವೇ ಬೆಳೆಸಿಕೊಂಡವು. ನಿನ್ನ ಸ್ವಂತ ಕಥೆಗಳಲ್ಲಿ ಧೈರ್ಯವಾಗಿ ಬಳಸು. ಈ ಅನುವಾದದಲ್ಲಿ ಮಾತ್ರ ಐರ್ಲೆಂಡಿನ ಮುದುಕನ ಬಾಯಿಗೆ ‘ಮಾರಾಯ’ ಹಾಕಬೇಡ, ಅವನು ಅವನ ಊರಿನವನಾಗಿಯೇ ಇರಲಿ.

ಮುಂದಿನ ವಾರ ಎರಡನೇ ಕರಡು ಕಳಿಸು. ಬಲೆಯ ಪುಟವನ್ನು ನನಗೆ ಕಳಿಸುವ ಮೊದಲು ಬಂದರಿನಲ್ಲಿ ಕಡಲಿಗೆ ಹೋಗುವ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳು. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಟ್ಟುಕೊ.

ಶುಭ ಹಾರೈಕೆಗಳೊಂದಿಗೆ,
ನಿನ್ನ ಅಣ್ಣ