ಉಣ್ಣೆ ವ್ಯಾಪಾರಿ ಕಟ್ಟಿಸಿದ ಮನೆಯ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ವೇಲ್ಸ್ ಗಡಿಯ ಕೋಟೆಗಳ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ರಾಜರು, ಮುತ್ತಿಗೆ ಎಲ್ಲಾ ಇತ್ತು. ಆದರೆ ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿರುವ ಸ್ಟೋಕ್ಸೇ ಎಂಬ ಕೋಟೆಮನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ಸ್ಟೋಕ್ಸೇ ಕಟ್ಟಿಸಿದ್ದು ಲಡ್ಲೋ ಊರಿನ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ. ಆಗಿನ ಇಂಗ್ಲೆಂಡಿನಲ್ಲಿ ಭಾರಿ ಸಾಹುಕಾರ. 1281ರಲ್ಲಿ ಜಾಗ ಅವನ ಕೈಗೆ ಬಂತು, ಅದಾದ ಒಂದೆರಡು ವರ್ಷದಲ್ಲೇ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ವೇಲ್ಸನ್ನು ಗೆದ್ದುಕೊಂಡ, ಗಡಿಯಲ್ಲಿ ಭಯವೂ ಇಳಿಯಿತು. ಕೋಟೆಯಂತೆ ತೆನೆಗೋಡೆ ಕಟ್ಟಲು 1291ರಲ್ಲಿ ರಾಜನ ಅನುಮತಿಯೂ ಸಿಕ್ಕಿತು. ಆದರೆ ನಡುಮನೆಯ ಕಿಟಕಿಗಳನ್ನು ನೋಡಿ, ಹೊರಗೋಡೆಯಲ್ಲೂ ಎತ್ತರದ, ಅಗಲವಾದ ಕಿಟಕಿಗಳು! ಶತ್ರುಗಳಿಗೆ ಹೆದರುವವನು ಹಾಗೆ ಕಟ್ಟುವುದಿಲ್ಲ, ಅಲ್ವಾ? ನೋಡುವವರಿಗೆ ಗತ್ತು ಕಾಣಬೇಕು, ಒಳಗೆ ಬೆಳಕು ಬೇಕು, ಅಷ್ಟೇ ಅವನ ಲೆಕ್ಕ. ಪಾಪ, ಹೆಚ್ಚು ದಿನ ಅಲ್ಲಿ ಬಾಳಲಿಲ್ಲ. 1294ರಲ್ಲಿ ಉಣ್ಣೆಯ ಹಡಗಿನ ಜೊತೆ ಸಮುದ್ರದಲ್ಲಿ ಮುಳುಗಿ ಸತ್ತ.

ನಡುಮನೆಯಲ್ಲಿ ಗೋಡೆ ಒಲೆಯೇ ಇಲ್ಲ. ನೆಲದ ಮಧ್ಯೆ ಎಂಟು ಮೂಲೆಯ ಒಲೆ, ಹೊಗೆ ಸೀದಾ ಮಾಡಿನ ತೊಲೆಗಳಿಗೆ. ಉತ್ತರದ ಗೋಪುರಕ್ಕೆ ಹತ್ತುವ ಮೆಟ್ಟಿಲುಗಳು ಇಡೀ ಮರದ ದಿಮ್ಮಿಗಳನ್ನು ಸೀಳಿ ಮಾಡಿದವು. ಯಜಮಾನನ ಕೋಣೆಯ ಗೋಡೆಯಲ್ಲಿ ಎರಡು ಪುಟ್ಟ ಕಿಂಡಿಗಳಿವೆ, ಕೆಳಗೆ ನಡುಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಅಲ್ಲಿಂದಲೇ ನೋಡಬಹುದಿತ್ತು.

ಮುಂದೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ, 1645ರಲ್ಲಿ ಪಾರ್ಲಿಮೆಂಟ್ ಸೈನ್ಯ ಬಂದು ಮನೆ ಶರಣಾಯಿತು. ಸುತ್ತಲಿನ ಗೋಡೆ ಕೆಡವಿದರು, ಮನೆ ಉಳಿಯಿತು. ಆಮೇಲೆ ಗೇಣಿದಾರರ ಕೈಯಲ್ಲಿ ನಡುಮನೆಯೇ ಕಣಜವಾಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಮುಂದಿನ ಕಥೆ. 1869ರಲ್ಲಿ ಇದನ್ನು ಕೊಂಡ ಜಾನ್ ಡರ್ಬಿ ಆಲ್‌ಕ್ರಾಫ್ಟ್ ಕೈಗವಸು ತಯಾರಿಸಿ ಶ್ರೀಮಂತನಾದವನು. ಆ ಕಾಲದ ಹಣವಂತರು ಹಳೇ ಮನೆ ಸಿಕ್ಕರೆ ಹೊಸ ಗೋಪುರ, ಹೊಸ ಕಿಟಕಿ ಅಂತ ಗುರುತೇ ಸಿಗದಂತೆ ಮಾಡಿಬಿಡುತ್ತಿದ್ದರು. ಈತ ಬೀಳುತ್ತಿದ್ದದ್ದನ್ನು ರಿಪೇರಿ ಮಾಡಿಸಿ ಉಳಿದದ್ದನ್ನು ಇದ್ದಂತೆ ಬಿಟ್ಟ. ತಾನಿರಲು ಹತ್ತಿರದಲ್ಲೇ ಸ್ಟೋಕ್ಸೇ ಕೋರ್ಟ್ ಎಂಬ ಬಂಗಲೆ ಬೇರೆ ಕಟ್ಟಿಸಿದ, ಅದು ಮುಗಿದದ್ದು 1892ರಲ್ಲಿ. ಕಟ್ಟಿದವನಷ್ಟೇ ಹೆಸರು ಇವನಿಗೂ ಸಲ್ಲಬೇಕು.

ಈಗ ಹಳೇ ಕಟ್ಟಡಗಳನ್ನು ಕಾಪಾಡುವ ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆ ಸ್ಟೋಕ್ಸೇ ಕೋಟೆಮನೆಯನ್ನು ನೋಡಿಕೊಳ್ಳುತ್ತಿದೆ. ಕೋಣೆಗಳೆಲ್ಲ ಬಹುಪಾಲು ಖಾಲಿ. ಕುರ್ಚಿ, ಮೇಜು ತುಂಬಿಸಬಾರದಿತ್ತೇ ಎಂದು ಕೆಲವರು ಕೇಳಬಹುದು. ಬೇಡವೇ ಬೇಡ. ಖಾಲಿ ಇರುವುದರಿಂದಲೇ ಬಡಗಿಗಳ ಕೆಲಸ ಕಣ್ಣಿಗೆ ಬೀಳುತ್ತದೆ.

ಇಂತಿ,
ನಿಮ್ಮ ಓದುಗ