ಮೃಗಶಿರಾ ಮಳೆ ಕೂಡುವುದರೊಳಗೆ ನಮ್ಮ ಓದುವ ಕೋಣೆಗೆ ಸೂರು ಬೇಕು: ದೇಣಿಗೆಗಾಗಿ ಮನವಿ

ಗುಳೇದಗುಡ್ಡದ ನಮ್ಮ ಸಾಲಿಯ ಹಳೆಯ ವಿದ್ಯಾರ್ಥಿಗಳಿಗೆ, ಹಿತೈಷಿಗಳಿಗೆ ಶರಣು ಶರಣಾರ್ಥಿ.

ಕಳೆದ ವಾರದ ಅಡ್ಡಮಳೆಗೆ ಓದುವ ಕೋಣೆಯ ತಗಡು ಕಿತ್ತುಹೋಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಕಪಾಟಿನ ಕೆಳಸಾಲಿನ ಬ್ರೈಲ್ ಪುಸ್ತಕಗಳೆಲ್ಲ ನೀರು ಕುಡಿದು ಉಬ್ಬಿದ್ದವು. ಅಚ್ಚಿನ ಪುಸ್ತಕ ನೆನೆದರೆ ಒಣಗಿಸಿ ಓದಬಹುದು. ಬ್ರೈಲ್ ಹಾಳೆ ನೆನೆದರೆ ಬೆರಳಿಂದ ಓದುವ ಉಬ್ಬು ಚುಕ್ಕೆಗಳೇ ಕೂತುಬಿಡುತ್ತವೆ. ಆದರೂ ಅಂಗಳದಲ್ಲಿ ಹರವಿದೆವು. ಸೂಟಿಯಲ್ಲೂ ದಿನಾ ಬರುವ ಐದನೇ ಇಯತ್ತೆಯ ಹುಡುಗಿ ಒಂದು ಹಾಳೆಯ ಮೇಲೆ ಬೆರಳಾಡಿಸಿದಳು, ತಿರುವಿ ಮತ್ತೆ ಆಡಿಸಿದಳು. "ಅಕ್ಕೋರ, ಕೈಗೆ ಏನೂ ಹತ್ತವಲ್ದ್ರಿ" ಅಂದಳು.

ಮಠದ ಪಡಸಾಲೆಯಲ್ಲಿ ಶುರುವಾದ ಸಾಲಿ ಇದು, ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳನ್ನೂ ಎಲ್ಲರ ಜೊತೆ ಒಂದೇ ಕೋಣೆಯಲ್ಲಿ ಕೂಡಿಸಬೇಕೆಂದು ಹಟ ಹಿಡಿದವರು ನಮ್ಮ ಹಿರಿಯರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕನ್ನೂ ಸೇರಿಸಿತು. ಅದಕ್ಕೂ ಮುಂಚೆ ಅಂಥ ಮಕ್ಕಳನ್ನು ಊರು 'ದಡ್ಡ' ಅಂತಲೇ ಕರೆಯುತ್ತಿತ್ತು, ನಾವು ಕರೆಯಲಿಲ್ಲ.

ಮಗ್ಗದ ಮನೆಯ ತಾಯಂದಿರು ತಂದುಕೊಟ್ಟ ಖಣದ (ಕುಪ್ಪಸದ ಬಟ್ಟೆ) ತುಂಡುಗಳನ್ನು ರಟ್ಟಿಗೆ ಅಂಟಿಸಿ ನಮ್ಮ ಅಕ್ಕೋರು ಇಡೀ ಕಾಗುಣಿತ ಮಾಡಿದರು. 'ಅಜ್ಜ'ದ ಒತ್ತು ತಪ್ಪಿಸಿ 'ಅಜ' ಎಂದೇ ಓದುತ್ತಿದ್ದ ಒಬ್ಬ ಹುಡುಗ, ಒತ್ತಿಗೆ ಬೇರೆ ಬಣ್ಣದ ಖಣ ಹಚ್ಚಿದ ಮೇಲೆ ಅಲ್ಲಿ ನಿಂತು ಓದತೊಡಗಿದ. ಬ್ರೈಲ್‌ನಲ್ಲಿ ಒತ್ತು ಕೆಳಗೆ ಬರುವುದಿಲ್ಲ, ಸಾಲಿನಲ್ಲೇ ಬರುತ್ತದೆ. ಹಾಗಾಗಿ ನೆನೆದ ಹಾಳೆಯ ಮೇಲೆ ಬೆರಳಾಡಿಸಿದ ಆ ಹುಡುಗಿಗೆ ಎರಡೂ 'ಜ' ಬೆರಳಿಗೆ ಬಿಡಿಬಿಡಿಯಾಗಿ ಸಿಗುತ್ತವೆ. ಅವನಿಗೆ ಬಿಡಿಸಿ ಹೇಳಿಕೊಡುತ್ತಿದ್ದವಳು ಅವಳೇ. ಒಂದೇ ಬೆಂಚಿನ ಓದು ಅಂದರೆ ಇದು. ಈ ಕೋಣೆಯ ಮೇಲೆ ನಮಗಿರುವ ಅಭಿಮಾನವೂ ಇದೇ.

ಈ ಮಕ್ಕಳ ತಂದೆ-ತಾಯಿ ಮಗ್ಗದ ಕೂಲಿಯಲ್ಲಿ ಬದುಕುವವರು. ಅಂಗವೈಕಲ್ಯದ ಒಂದು ಪ್ರಮಾಣಪತ್ರಕ್ಕೆ ಬಾಗಲಕೋಟೆಗೆ ಹೋದರೆ ಆ ದಿನದ ದುಡಿಮೆ ಹೋಯಿತು. ಅವರನ್ನು ಕೇಳಲು ನಮಗೆ ಬಾಯಿ ಬರುವುದಿಲ್ಲ, ನಿಮ್ಮನ್ನೇ ಕೇಳುತ್ತಿದ್ದೇವೆ.

ತಗಡು, ಕಬ್ಬಿಣ, ಕೂಲಿ ಸೇರಿ ಸುಮಾರು ಎರಡೂವರೆ ಲಕ್ಷ ಆಗುತ್ತದೆ. ಬ್ರೈಲ್ ಪುಸ್ತಕ, ದೊಡ್ಡಕ್ಷರದ ಪಾಠಗಳು, ಕೇಳಿ ಓದುವವರಿಗೆ ಎರಡು ಟ್ಯಾಬ್ ಎಂದರೆ ಇನ್ನೊಂದು 70 ಸಾವಿರ. ಒಂದು ಪಠ್ಯಪುಸ್ತಕ ಬ್ರೈಲ್‌ಗೆ ಬಂದರೆ ಎರಡು-ಮೂರು ಸಂಪುಟವಾಗುವುದರಿಂದ ನೆಲದಿಂದ ಎತ್ತರದ ಕಪಾಟೂ ಬೇಕು. ಧರ್ಮದರ್ಶಿಗಳು ಕೈಯಿಂದ 80 ಸಾವಿರ ಕೂಡಿಸಿದ್ದೇವೆ. ಜೂನ್ 7-8ರ ಸುಮಾರಿಗೆ ಮೃಗಶಿರಾ ಕೂಡುತ್ತದೆ, ಅಷ್ಟರೊಳಗೆ ತಗಡು ಏರಲೇಬೇಕು.

ನೂರು ರೂಪಾಯಿಯಾದರೂ ಸರಿ, ಸಾಲಿಯ ಕಚೇರಿಗೆ ಮುಟ್ಟಿಸಿ, ರಸೀದಿ ಪಡೆಯಿರಿ. ಹಣ ಆಗದವರು ಒಂದು ಮಧ್ಯಾಹ್ನ ಬಂದು ಪಾಠ ಓದಿ ಧ್ವನಿಮುದ್ರಣ ಮಾಡಿಕೊಟ್ಟರೂ ನಮಗದು ದೇಣಿಗೆಯೇ.

ನಿಮ್ಮ ವಿಶ್ವಾಸಿಗಳು,
ಧರ್ಮದರ್ಶಿ ಮಂಡಳಿ, ಗುಳೇದಗುಡ್ಡ